ಹಿಮ ಕರಗಿತು, ನೆಲ ಏಳುತ್ತಲೇ ಇದೆ

ಮಕ್ಕಳೇ, ಸಮುದ್ರದ ದಡದಲ್ಲಿರುವ ಊರನ್ನು ಸಮುದ್ರವೇ ಬಿಟ್ಟು ದೂರ ಹೋದರೆ? ಉತ್ತರ ಯುರೋಪಿನ ಸ್ವೀಡನ್ ದೇಶದಲ್ಲಿ ಹೀಗೆ ಆಗಿದೆ. ಅಲ್ಲಿನ ಲುಲಿಯೊ ಪಟ್ಟಣ 1621ರಲ್ಲಿ ಸ್ಥಾಪನೆಯಾಯಿತು. ಅದರ ಬಂದರಿನಲ್ಲಿ ನೀರಿನ ಆಳ ಕಡಿಮೆಯಾಗುತ್ತಾ ಹೋಯಿತು. ಹಡಗುಗಳು ಬರಲಾಗದೆ, 1649ರಲ್ಲಿ ಪಟ್ಟಣವನ್ನೇ ಸಮುದ್ರದ ಹತ್ತಿರಕ್ಕೆ ಸ್ಥಳಾಂತರಿಸಬೇಕಾಯಿತು. ಹಳೆಯ ಊರಿನ ಚರ್ಚು ಮತ್ತು ಮರದ ಮನೆಗಳು ಇಂದಿಗೂ ಹಿಂದಿನ ಜಾಗದಲ್ಲೇ ಇವೆ.

ನೀರು ಎಲ್ಲಿ ಹೋಯಿತು? ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್‌ಗೂ ಇದೇ ಪ್ರಶ್ನೆ ಕಾಡಿತು. (ತಾಪಮಾಪಕದಲ್ಲಿ ನೀವು ಓದುವ ಸೆಲ್ಸಿಯಸ್ ಇವರ ಹೆಸರೇ!) 1731ರಲ್ಲಿ ಅವರು ದ್ವೀಪವೊಂದರ ಬಂಡೆಯ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಗುರುತು ಕೆತ್ತಿಸಿದರು. ಆ ಗುರುತು ಈಗ ನೀರಿನಿಂದ ಬಹಳ ಮೇಲಿದೆ. ಸಮುದ್ರದ ನೀರು ಕಡಿಮೆಯಾಗುತ್ತಿದೆ ಎಂದು ಅವರು ತಿಳಿದಿದ್ದರು. ಅದು ತಪ್ಪು. ಆದರೆ ಅವರ ಅಳತೆ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ನನಗೆ ಇದು ಬಹಳ ಇಷ್ಟವಾದ ವಿಷಯ.

ನಿಜವಾಗಿ ಮೇಲೇಳುತ್ತಿರುವುದು ನೆಲ! ಸುಮಾರು 20,000 ವರ್ಷಗಳ ಹಿಂದೆ ಸ್ವೀಡನ್, ಫಿನ್ಲೆಂಡ್‌ಗಳು ಪೂರ್ತಿಯಾಗಿ ಹಿಮದ ಹಾಸಿನಡಿ ಇದ್ದವು. ಕೆಲವೆಡೆ ಅದರ ದಪ್ಪ ಸುಮಾರು 3 ಕಿಲೋಮೀಟರ್. ಈ ಹಿಮ ಸುಮ್ಮನೆ ಕುಳಿತಿರಲಿಲ್ಲ, ನಿಧಾನವಾಗಿ ಜಾರುತ್ತಿತ್ತು. ಅದರ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಮರಳು ಕಾಗದದಂತೆ ಬಂಡೆಗಳನ್ನು ಉಜ್ಜಿ ಗೀರು ಮೂಡಿಸಿದವು. ನೆಲ ಕೊರೆದು ತಗ್ಗುಗಳಾದವು. ಅವುಗಳಲ್ಲಿ ನೀರು ನಿಂತು ಸರೋವರಗಳಾದವು. ಫಿನ್ಲೆಂಡ್ ಒಂದರಲ್ಲೇ ಸಣ್ಣವು ದೊಡ್ಡವು ಸೇರಿ ಸುಮಾರು 1,88,000 ಸರೋವರಗಳಿವೆ.

ಅಷ್ಟು ಭಾರಕ್ಕೆ ನೆಲವೂ ಕುಸಿಯಿತು. ಜನ ತುಂಬಿದ ಹರಿಗೋಲು ನೀರಿನಲ್ಲಿ ಇಳಿಯುತ್ತದೆ, ಜನ ಇಳಿದರೆ ಮೇಲೇಳುತ್ತದೆ ಅಲ್ಲವೇ? ಹಾಗೆಯೇ ಇದು. ಆದರೆ ನೆಲದ ಕೆಳಗಿರುವುದು ನೀರಲ್ಲ. ಅಲ್ಲಿರುವ ಬಿಸಿ ಶಿಲೆ ಅತ್ಯಂತ ನಿಧಾನವಾಗಿ ಸರಿಯುತ್ತದೆ. ಆದ್ದರಿಂದ ಹಿಮ ಕರಗಿ ಸುಮಾರು 10,000 ವರ್ಷಗಳಾದರೂ ನೆಲ ಇನ್ನೂ ಏಳುತ್ತಲೇ ಇದೆ. ಸ್ವೀಡನ್‌ನ ಸ್ಕೂಲೆ ಬೆಟ್ಟದಲ್ಲಿ ಹಳೆಯ ಸಮುದ್ರ ತೀರದ ಗುರುತು ಈಗಿನ ಸಮುದ್ರ ಮಟ್ಟದಿಂದ ಸುಮಾರು 285 ಮೀಟರ್ ಎತ್ತರದಲ್ಲಿದೆ! ಎರಡು ದೇಶಗಳ ನಡುವಿನ ಕ್ವಾರ್ಕೆನ್ ಎಂಬಲ್ಲಿ ನೆಲ ವರ್ಷಕ್ಕೆ ಸುಮಾರು 8 ಮಿಲಿಮೀಟರ್ ಏರುತ್ತಿದೆ. ನೂರು ವರ್ಷಕ್ಕೆ ಎಷ್ಟಾಯಿತು? ಲೆಕ್ಕ ಮಾಡಿ, ನಿಮ್ಮ ತರಗತಿಯ ಮೇಜಿನ ಎತ್ತರದೊಂದಿಗೆ ಹೋಲಿಸಿ.

ಮಾಡಿ ನೋಡಿ: ಬಕೆಟ್ ನೀರಿನಲ್ಲಿ ಪ್ಲಾಸ್ಟಿಕ್ ಡಬ್ಬಿ ತೇಲಿಬಿಡಿ. ಅದರೊಳಗೆ ಏಳೆಂಟು ಕಲ್ಲು ಹಾಕಿ, ನೀರಿನ ಮಟ್ಟವನ್ನು ಡಬ್ಬಿಯ ಹೊರಮೈ ಮೇಲೆ ಗುರುತಿಸಿ. ಈಗ ಒಂದೊಂದೇ ಕಲ್ಲು ತೆಗೆಯಿರಿ. ನಿಮ್ಮ ಗುರುತು ಎಲ್ಲಿಗೆ ಹೋಯಿತು?