ಅಚ್ಚು ಒಂದು, ಪುಟ ನೂರು

ಶುಭಕಾರ್ಯಗಳಲ್ಲಿ ಪುರೋಹಿತರು ಹೇಳಿಸುವ ಸಂಕಲ್ಪವನ್ನು ಕೇಳದ ಗೃಹಸ್ಥರು ವಿರಳ. ಅದರ ವಾಕ್ಯಸರಣಿ ಬಹುಮಟ್ಟಿಗೆ ಒಂದೇ. ಸಂವತ್ಸರ, ಮಾಸ, ತಿಥಿ, ಗೋತ್ರ, ನಾಮಧೇಯಗಳು ಮಾತ್ರ ಬೇರೆ ಬೇರೆ. ಪ್ರಯೋಗಗ್ರಂಥಗಳಲ್ಲಿ ಆ ಸ್ಥಳಗಳಲ್ಲಿ ‘ಅಮುಕ’ ಎಂದಿರುವುದುಂಟು. ‘ಅಮುಕ’ವನ್ನು ತೆಗೆದು ನಿಜವಾದ ಹೆಸರನ್ನಿಟ್ಟರೆ ಸಂಕಲ್ಪವು ಸಿದ್ಧವಾಯಿತು. ಜಾಲತಾಣ ಕಟ್ಟುವವರು ಟೆಂಪ್ಲೇಟು ಎನ್ನುವುದು ಇಂಥ ಅಚ್ಚನ್ನೇ.

ಜಾಲತಾಣಗಳು ಎರಡು ಬಗೆ. ರವೆ ಇಡ್ಲಿಗೆ ಹೆಸರಾದ ನಮ್ಮ ಮಾವಳ್ಳಿಯ ರೀತಿಯಲ್ಲಿ ಹೇಳುವುದಾದರೆ, ದೋಸೆಯನ್ನು ಗಿರಾಕಿಯು ಕೇಳಿದ ಮೇಲೆ ಹುಯ್ಯುತ್ತಾರೆ; ಇಡ್ಲಿಯನ್ನು ಮುಂಚೆಯೇ ಬೇಯಿಸಿಟ್ಟಿರುತ್ತಾರೆ. ಮೊದಲನೆಯ ಬಗೆಯ ತಾಣದಲ್ಲಿ ಓದುಗನು ಕೇಳಿದಾಗಲೆಲ್ಲ ಸರ್ವರು ಡೇಟಾಬೇಸಿನಿಂದ ವಿಷಯವನ್ನು ತೆಗೆದು ಪುಟವನ್ನು ಕಟ್ಟಿಕೊಡಬೇಕು. ಅಲ್ಲಿನ ತಂತ್ರಾಂಶವನ್ನು ಆಗಾಗ್ಗೆ ಸರಿಪಡಿಸದಿದ್ದರೆ ಕಳ್ಳರು ನುಗ್ಗುವ ಭಯವೂ ಉಂಟು. ಎರಡನೆಯ ಬಗೆಯಲ್ಲಿ ಪುಟಗಳೆಲ್ಲವೂ ಮೊದಲೇ ಸಿದ್ಧ. ಸರ್ವರು ಬಡಿಸಿದರೆ ಸಾಕು. ಹೀಗೆ ಸಿದ್ಧಪಡಿಸುವ ಸಾಧನವೇ ಸ್ಟ್ಯಾಟಿಕ್ ಸೈಟ್ ಜನರೇಟರ್. ೨೦೦೮ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಎಂಬವರು ಜೆಕಿಲನ್ನೂ, ೨೦೧೩ರಲ್ಲಿ ಸ್ಟೀವ್ ಫ್ರಾನ್ಸಿಯಾ ಎಂಬವರು ಹ್ಯೂಗೋವನ್ನೂ ಹೊರತಂದರು. ಎರಡಕ್ಕೂ ಹಣ ಕೊಡಬೇಕಾದುದಿಲ್ಲ.

ಮನೆಯ ಹಿರಿಯರಿಗೆ ಬರುವ ನೂರು ಹಾಡುಗಳನ್ನು ಸಂಗ್ರಹಿಸಿದಿರೆನ್ನಿ. ಒಂದೊಂದು ಹಾಡಿಗೂ ಒಂದೊಂದು ಸಾದಾ ಕಡತ. ಅದರ ನೆತ್ತಿಯಲ್ಲಿ ಹಾಡಿನ ಹೆಸರು, ಹೇಳಿದವರು, ಹಾಡುವ ಸಂದರ್ಭ, ಕೆಳಗೆ ಹಾಡು. ಅಚ್ಚಿನಲ್ಲಿ ಜೋಡಿ ಪುಷ್ಪಾವರಣಗಳ ನಡುವೆ ‘ಇಲ್ಲಿ ಹೆಸರು’, ‘ಇಲ್ಲಿ ಹಾಡು’ ಎಂಬ ಸೂಚನೆಗಳಿರುವುವು. ಒಂದು ಆಜ್ಞೆ ಕೊಟ್ಟರೆ ಕೆಲವೇ ಕ್ಷಣಗಳಲ್ಲಿ ನೂರು ಪುಟಗಳೂ, ವಿಷಯಸೂಚಿಯೂ ಸಿದ್ಧ. ಪ್ರತಿ ಪುಟದ ಅಡಿಯಲ್ಲೂ ಒಂದು ಸಾಲನ್ನು ಸೇರಿಸಬೇಕಾದರೆ ಅಚ್ಚನ್ನು ಒಮ್ಮೆ ತಿದ್ದಿ ಪುನಃ ಆಜ್ಞಾಪಿಸಿದರಾಯಿತು.

ವ್ಯಾಕರಣ ಬಲ್ಲವರಿಗೆ ಉತ್ಸರ್ಗ, ಅಪವಾದ ಎಂಬ ಮಾತುಗಳು ಪರಿಚಿತ. ವಿಶೇಷವಿಧಿ ಇರುವೆಡೆ ಸಾಮಾನ್ಯವಿಧಿಯು ಹಿಂದೆ ಸರಿಯುವುದು. ಹ್ಯೂಗೋ ಅಚ್ಚನ್ನು ಆರಿಸುವ ಕ್ರಮವೂ ಹಾಗೆಯೇ: ಅಡುಗೆಯ ಪುಟಗಳಿಗೆ ಪ್ರತ್ಯೇಕವಾದ ಅಚ್ಚಿದ್ದರೆ ಅದು, ಇಲ್ಲದಿದ್ದರೆ ಎಲ್ಲಕ್ಕೂ ಸಲ್ಲುವ ಸಾಮಾನ್ಯವಾದುದು.

ಇದರಲ್ಲಿ ಗೃಹಸ್ಥರಿಗೇನು ಲಾಭವೆಂದು ಕೇಳಬಹುದು. ೨೦೦೯ರಲ್ಲಿ ಯಾಹೂ ಸಂಸ್ಥೆಯು ಜಿಯೋಸಿಟೀಸನ್ನು ಮುಚ್ಚಿದಾಗ, ಪ್ರತಿ ಇಟ್ಟುಕೊಳ್ಳದೆ ಅದನ್ನೇ ನಂಬಿದ್ದವರ ಬರಹಗಳಿಗೆ ನೆಲೆ ತಪ್ಪಿತು. ಪರರ ಜಗಲಿಯ ಮೇಲೆ ಗಂಟನ್ನಿಟ್ಟವರ ಪಾಡು ಎಂದಿಗೂ ಅಷ್ಟೆ. ಇಲ್ಲಿಯಾದರೋ ಮೂಲ ಕಡತಗಳು ನಮ್ಮ ಮನೆಯಲ್ಲಿಯೇ ಇರುವುವು. ಒಬ್ಬ ಬಾಡಿಗೆಯವನು ಅಂಗಡಿ ಮುಚ್ಚಿದರೆ ಅವೇ ಪುಟಗಳನ್ನು ಇನ್ನೊಬ್ಬನಲ್ಲಿಗೆ ಸಾಗಿಸಬಹುದು. ಹ್ಯೂಗೋವೇ ಮರೆಯಾದರೂ ಹಾಡು ಕಡತದಲ್ಲಿ ಉಳಿದೇ ಇರುವುದು. ಬರಹವು ಯೂನಿಕೋಡಿನಲ್ಲಿರಬೇಕು, ೧೯೯೧ರ ಮೊದಲ ಆವೃತ್ತಿಯಿಂದಲೂ ಅದರಲ್ಲಿ ಕನ್ನಡಕ್ಕೆ ಸ್ಥಾನವಿದೆ. ಒಂದೊಂದು ಫಾಂಟಿಗೇ ಕಟ್ಟುಬಿದ್ದ ಹಳೆಯ ಕಡತಗಳು ಆ ಫಾಂಟಿಲ್ಲದೆಡೆ ಅರ್ಥವಾಗದ ಗುರುತುಗಳಾಗಿ ತೋರುವುವು.

ಇದಕ್ಕೆ ಮಿತಿಯೂ ಉಂಟು. ಕ್ಷಣಕ್ಷಣಕ್ಕೂ ಬದಲಾಗುವ ವ್ಯಾಪಾರಕ್ಕೆ ಇದೊಂದೇ ಸಾಲದು. ಆರಂಭದಲ್ಲಿ ಕಲಿಯುವ ಶ್ರಮವೂ ತಪ್ಪದು. ಆದರೆ ಒಮ್ಮೆ ಬರೆದು ಬಹುಕಾಲ ಓದತಕ್ಕ ವಂಶವೃಕ್ಷ, ಹಸೆಯ ಹಾಡು, ಅಡುಗೆಯ ಕ್ರಮಗಳಿಗೆ ಇದಕ್ಕಿಂತ ಮಿತವ್ಯಯದ ಮಾರ್ಗ ನಮಗೆ ತೋರದು. ಅಚ್ಚನ್ನು ಮನೆಯ ಮಕ್ಕಳು ಮಾಡಿಯಾರು. ಹಾಡು ಬಲ್ಲ ಅಜ್ಜಿಯರು ಎಲ್ಲ ಕಾಲಕ್ಕೂ ಇರರು. ಆದುದರಿಂದ ಮೊದಲು ಹಾಡನ್ನು ಬರೆದುಕೊಳ್ಳಿರೆಂದು ನಮ್ಮ ಬಿನ್ನಹ.