ಮಕ್ಕಳ ಕಾಲೇಜು ಓದು: ಸೀಟಿಗೆ ಮೊದಲು ಲೆಕ್ಕ



ಒಂದು ಹೊಸ ತಳಿಯ ಬೀಜ ತರಬೇಕಾದರೆ ನಾವು ನಾಲ್ಕು ಜನರನ್ನು ಕೇಳುತ್ತೇವೆ. ನಮ್ಮ ನೆಲಕ್ಕೆ ಒಗ್ಗುವುದೇ, ಎಕರೆಗೆ ಎಷ್ಟು ಖರ್ಚು, ನೀರು ಸಾಲುವುದೇ ಎಂದು ವಿಚಾರಿಸುತ್ತೇವೆ. ಆದರೆ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವಾಗ ಎಷ್ಟೋ ಮನೆಗಳಲ್ಲಿ ಈ ವಿಚಾರಣೆ ನಡೆಯುವುದಿಲ್ಲ. ಪಕ್ಕದ ಮನೆಯ ಹುಡುಗ ಸೇರಿದನೆಂದು ನಮ್ಮವನೂ ಸೇರುತ್ತಾನೆ. ಮೊದಲ ವರ್ಷದ ಹಣವನ್ನು ಹೇಗೋ ಹೊಂದಿಸುತ್ತೇವೆ. ಎರಡನೆಯ ವರ್ಷ ಕೈಸಾಲ, ಮೂರನೆಯ ವರ್ಷ ಜಮೀನಿನ ಮಾತು. ಓದು ನಡುವೆ ನಿಂತರೆ ಪದವಿಯೂ ಇಲ್ಲ, ಹೊಲವೂ ಇಲ್ಲ.

ಓದಿಸಬೇಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಓದಿಸಲೇಬೇಕು, ಮಗಳನ್ನೂ ಮಗನಷ್ಟೇ ಓದಿಸಬೇಕು. ಆದರೆ ಕೊನೆಯ ವರ್ಷದವರೆಗಿನ ಲೆಕ್ಕ ಹಾಕಿ ಓದಿಸಿದರೆ ಜಮೀನಿಗೆ ಕೈ ಹಚ್ಚುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ. ಆ ಲೆಕ್ಕದ ಕ್ರಮವನ್ನು ಇಲ್ಲಿ ಒಂದೊಂದಾಗಿ ತಿಳಿಸಿದೆ.

ಏನನ್ನು ಓದಬೇಕು?

ಕಾಲೇಜನ್ನು ಆರಿಸುವ ಮೊದಲು ಓದನ್ನು ಆರಿಸಬೇಕು. ಈ ಆಯ್ಕೆ ಎಸ್.ಎಸ್.ಎಲ್.ಸಿ. ಮುಗಿದಾಗಲೇ ಆರಂಭವಾಗುತ್ತದೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಳ್ಳದವನಿಗೆ ಎಂಜಿನಿಯರಿಂಗ್, ವೈದ್ಯಕೀಯ, ಪಶುವೈದ್ಯ ಮುಂತಾದ ಓದುಗಳ ಬಾಗಿಲು ಮುಚ್ಚಿರುತ್ತದೆ. ಹಾಗೆಂದು ಗಣಿತ ಹತ್ತದ ಮಗುವಿಗೆ ಬಲವಂತವಾಗಿ ವಿಜ್ಞಾನ ಕೊಡಿಸುವುದೂ ಸರಿಯಲ್ಲ. ಎರೆಭೂಮಿಯ ಬೆಳೆ ಮರಳುಭೂಮಿಯಲ್ಲಿ ಏಳುವುದಿಲ್ಲ. ಮಗುವಿನೊಡನೆ ಕುಳಿತು ಮಾತನಾಡಿ. ಪಾಠ ಹೇಳಿದ ಮೇಷ್ಟರನ್ನು ಕೇಳಿ. ಅದೇ ಓದು ಮುಗಿಸಿದ ನಿಮ್ಮ ಸುತ್ತಿನ ಇಬ್ಬರನ್ನು ಕಂಡು, ಈಗ ಏನು ಕೆಲಸ, ಎಷ್ಟು ಸಂಬಳ, ಕೆಲಸ ಸಿಗಲು ಎಷ್ಟು ಕಾಲ ಹಿಡಿಯಿತು ಎಂದು ವಿಚಾರಿಸಿ.

ನಮ್ಮ ಕಸುಬಿಗೆ ಸೇರಿದ ಓದುಗಳು ಬಹಳ ಇವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿಯೂ, ಧಾರವಾಡದ್ದು 1986ರಲ್ಲಿಯೂ ಆರಂಭವಾದವು. ರಾಯಚೂರಿನಲ್ಲಿ ಕೃಷಿ, ಬಾಗಲಕೋಟೆಯಲ್ಲಿ ತೋಟಗಾರಿಕೆ, ಬೀದರಿನಲ್ಲಿ ಪಶುವೈದ್ಯ, ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯಗಳಿವೆ. ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ, ಮಂಗಳೂರಿನಲ್ಲಿ ಮೀನುಗಾರಿಕೆ ಕಲಿಸುತ್ತಾರೆ. ಈ ಕಾಲೇಜುಗಳಲ್ಲಿ ವ್ಯವಸಾಯಗಾರರ ಮಕ್ಕಳಿಗೆ ಸೀಟುಗಳ ಒಂದು ಪಾಲು ಮೀಸಲಾಗಿದೆ. 2021ರಲ್ಲಿ ಅದನ್ನು ನೂರಕ್ಕೆ 40ರಿಂದ 50ಕ್ಕೆ ಏರಿಸಲಾಯಿತು. ಈ ಪಾಲಿನ ಸೀಟಿಗೆ ಸಿ.ಇ.ಟಿ. ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಬೇಸಾಯದ ಉಪಕರಣಗಳನ್ನು ಗುರುತಿಸುವಂತಹ ಪರೀಕ್ಷೆ ಅದು. ಹೊಲದಲ್ಲಿ ಕೈ ಆಡಿಸಿದ ಮಗುವಿಗೆ ಇದು ಅನುಕೂಲ. ಓದುವ ಮಕ್ಕಳೆಂದು ಅವರನ್ನು ಹೊಲದಿಂದ ಪೂರ್ತಿ ದೂರ ಇಡಬೇಡಿ.

ಎಲ್ಲರೂ ನಾಲ್ಕು ವರ್ಷ ಓದಬೇಕೆಂದೇನೂ ಇಲ್ಲ. ಎಸ್.ಎಸ್.ಎಲ್.ಸಿ. ಆದ ಮೇಲೆ ಕನ್ನಡದಲ್ಲಿಯೇ ಎರಡು ವರ್ಷ ಓದುವ ಕೃಷಿ ಡಿಪ್ಲೊಮಾ ಇದೆ. ನಾನು ಓದಿದ್ದೂ ಡಿಪ್ಲೊಮಾವನ್ನೇ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕಡಿಮೆ ಶುಲ್ಕಕ್ಕೆ ಪದವಿ ಓದಬಹುದು; ಮನೆಯ ಊಟ, ಮನೆಯ ವಾಸವಾದ್ದರಿಂದ ಖರ್ಚು ಅರ್ಧಕ್ಕಿಂತ ಇಳಿಯುತ್ತದೆ. ಮನೆ ಬಿಡಲಾಗದವರಿಗೆ ಮೈಸೂರಿನಲ್ಲಿ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ.

ಎಲ್ಲಿ ಓದಬೇಕು?

ಒಂದೇ ಓದಿಗೆ ಒಂದೊಂದು ಕಡೆ ಒಂದೊಂದು ಬೆಲೆ. ಸರ್ಕಾರಿ ಕಾಲೇಜಿನ ಸೀಟು, ಖಾಸಗಿ ಕಾಲೇಜಿನಲ್ಲಿ ಸರ್ಕಾರ ತುಂಬುವ ಸೀಟು, ಆಡಳಿತ ಮಂಡಳಿಯ ಸೀಟು, ಇವುಗಳ ಶುಲ್ಕದಲ್ಲಿ ಬಹಳ ಅಂತರವಿದೆ. ಸಿ.ಇ.ಟಿ.ಯಲ್ಲಿ ಕಾಲೇಜುಗಳ ಹೆಸರನ್ನು ಕ್ರಮವಾಗಿ ತುಂಬುವಾಗ ತಂದೆ ತಾಯಿಗಳೂ ಪಕ್ಕದಲ್ಲಿ ಕೂಡಬೇಕು. ಮೇಲೆ ಬರೆದ ಹೆಸರನ್ನೇ ಮೊದಲು ನೋಡುತ್ತಾರೆ. ನಿಮ್ಮ ಕೈಗೆ ಎಟುಕದ ಶುಲ್ಕದ ಕಾಲೇಜನ್ನು ಮೇಲೆ ಬರೆದು ಆಮೇಲೆ ಪೇಚಾಡಬಾರದು.

ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇವೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ 371 ಜೆ ವಿಧಿಯ ಸೌಲಭ್ಯವಿದೆ. ಅರ್ಜಿ ತುಂಬುವಾಗ ಇವನ್ನು ಕೇಳಿಕೊಳ್ಳದೆ ಹೋದವರು ಬರುವ ಸೀಟನ್ನು ಕಳೆದುಕೊಳ್ಳುತ್ತಾರೆ.

ಎರಡು ಎಚ್ಚರಿಕೆಯ ಮಾತು. ಮೊದಲನೆಯದು, ಡೊನೇಷನ್ ಎಂದು ರಸೀತಿಯಿಲ್ಲದೆ ಹಣ ಕೇಳುವವರಿಗೆ ಕೊಡಬೇಡಿ. ಹಾಗೆ ಪಡೆಯುವುದನ್ನು 1984ರ ಕಾನೂನು ನಮ್ಮ ರಾಜ್ಯದಲ್ಲಿ ನಿಷೇಧಿಸಿದೆ. ರಸೀತಿ ಇಲ್ಲದ ಹಣಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ, ಸೀಟು ಬಿಟ್ಟರೆ ಅದು ಹಿಂದಕ್ಕೂ ಬರುವುದಿಲ್ಲ. ಎರಡನೆಯದು, ಮಾನ್ಯತೆ ನೋಡಿ ಸೇರಿಸಿ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಕೃಷಿ ಪದವಿಯಾದರೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಕೇಳಿ. ಹೊರರಾಜ್ಯದ ಕಾಲೇಜಿಗೆ ಸೀಟು ಕೊಡಿಸುತ್ತೇನೆಂದು ಮನೆ ಬಾಗಿಲಿಗೆ ಬರುವ ದಲ್ಲಾಳಿಯ ಮಾತಿಗೆ ಮುಂಗಡ ಕೊಡಬೇಡಿ.

ಖರ್ಚಿನ ಲೆಕ್ಕ

ಶುಲ್ಕವೊಂದನ್ನೇ ಕೇಳಿಕೊಂಡು ಬರುವುದು ನಮ್ಮಲ್ಲಿ ಸಾಮಾನ್ಯ. ಅದು ಅರ್ಧ ಲೆಕ್ಕ. ಉದಾಹರಣೆಗೆ ನಾಲ್ಕು ವರ್ಷದ ಒಂದು ಓದಿಗೆ ವರ್ಷಕ್ಕೆ ಹೀಗೆ ಖರ್ಚು ಎಂದುಕೊಳ್ಳಿ:

ಕಾಲೇಜು ಶುಲ್ಕ: 60,000 ರೂ.
ಹಾಸ್ಟೆಲು, ಊಟ, ತಿಂಗಳಿಗೆ 6,000 ರೂ.ನಂತೆ 10 ತಿಂಗಳಿಗೆ: 60,000 ರೂ.
ಪುಸ್ತಕ, ಉಪಕರಣ: 8,000 ರೂ.
ಬಸ್ಸು, ಬಟ್ಟೆ, ಫೋನು, ಔಷಧಿ: 12,000 ರೂ.
ಒಟ್ಟು: 1,40,000 ರೂ.

ಶುಲ್ಕ ಮಾತ್ರ ನೋಡಿದವನಿಗೆ ನಾಲ್ಕು ವರ್ಷಕ್ಕೆ 2,40,000 ರೂ. ಎಂದು ಕಾಣುತ್ತದೆ. ನಿಜವಾಗಿ ಬೇಕಾದದ್ದು 5,60,000 ರೂ. ಈ ಅಂತರವೇ ಎರಡನೆಯ ವರ್ಷ ಕೈಸಾಲಕ್ಕೆ ಓಡಿಸುವುದು. ನಿಮ್ಮ ಮಗು ಸೇರುವ ಕಾಲೇಜಿನ ಅಂಕಿಗಳನ್ನು ಇದೇ ರೀತಿ ಬರೆದು ಕೂಡಿಸಿ. ಅಲ್ಲಿ ಈಗ ಓದುತ್ತಿರುವ ಮಕ್ಕಳನ್ನು ಕೇಳಿದರೆ ನಿಜವಾದ ಅಂಕಿ ಸಿಗುತ್ತದೆ.

ಹಣ ಎಲ್ಲಿಂದ?

ತೀರಿಸಬೇಕಾಗಿಲ್ಲದ ಹಣ ಮೊದಲು, ಮನೆಯ ಹಣ ಎರಡನೆಯದು, ಬ್ಯಾಂಕಿನ ಸಾಲ ಕೊನೆಯದು. ಈ ಕ್ರಮವನ್ನು ತಪ್ಪಬಾರದು.

ತೀರಿಸಬೇಕಾಗಿಲ್ಲದ ಹಣವೆಂದರೆ ವಿದ್ಯಾರ್ಥಿವೇತನ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್.ಎಸ್.ಪಿ. ಎಂಬ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಮಕ್ಕಳಿಗೆ ಬೇರೆ ಬೇರೆ ಸಹಾಯಗಳೂ ಸರ್ಕಾರಿ ಹಾಸ್ಟೆಲುಗಳೂ ಇವೆ. ಹಾಸ್ಟೆಲು ಸಿಕ್ಕರೆ ಮೇಲಿನ ಲೆಕ್ಕದ ದೊಡ್ಡದೊಂದು ಭಾಗ ಉಳಿಯುತ್ತದೆ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಸಾಮಾನ್ಯ ಪದವಿ ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 5,000 ರೂ., ಹೆಣ್ಣುಮಕ್ಕಳಿಗೆ 5,500 ರೂ.; ಎಂಜಿನಿಯರಿಂಗ್ ಮತ್ತು ವೈದ್ಯಕೀಯಕ್ಕೆ 10,000 ಮತ್ತು 11,000 ರೂ. ಎಂದು ಗೊತ್ತುಮಾಡಲಾಗಿತ್ತು. ಇದಕ್ಕೆ ನಿಮ್ಮ ಜಮೀನು ಫ್ರೂಟ್ಸ್‌ನಲ್ಲಿ ನೋಂದಣಿಯಾಗಿರಬೇಕು. ಈ ವರ್ಷದ ಅರ್ಜಿಯ ವಿವರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಬಂದಿದ್ದು, ವರಮಾನ ವರ್ಷಕ್ಕೆ 4.5 ಲಕ್ಷ ರೂ. ಮೀರದಿದ್ದರೆ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೂ ಪ್ರಯತ್ನಿಸಬಹುದು. ಅದು ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂ.

ಮನೆಯ ಹಣವೆಂದರೆ ಜಮೀನು ಮಾರಿದ ಹಣವಲ್ಲ. ಹಾಲಿನ ಬಟವಾಡೆಯಲ್ಲಿ ಒಂದು ಪಾಲನ್ನು ಮಗು ಎಂಟನೆಯ ತರಗತಿಯಲ್ಲಿರುವಾಗಲೇ ಬೇರೆ ಖಾತೆಗೆ ಹಾಕುತ್ತ ಬಂದರೆ ಐದು ವರ್ಷಕ್ಕೆ ಒಂದು ಗಂಟಾಗುತ್ತದೆ.

ಸಾಲದ ಮಾತು

ಮೇಲಿನ ಉದಾಹರಣೆಯಲ್ಲಿ ವರ್ಷಕ್ಕೆ ವಿದ್ಯಾರ್ಥಿವೇತನ 10,000, ಮನೆಯದು 30,000 ರೂ. ಆದರೆ ಉಳಿಯುವುದು ಒಂದು ಲಕ್ಷ. ಇದಕ್ಕೆ ಬ್ಯಾಂಕಿನ ಶಿಕ್ಷಣ ಸಾಲವೇ ದಾರಿ. ಬ್ಯಾಂಕುಗಳ ಸಾಮಾನ್ಯ ಯೋಜನೆಯಂತೆ 4 ಲಕ್ಷ ರೂ.ವರೆಗೆ ಆಸ್ತಿಯ ಅಡಮಾನ ಬೇಕಾಗಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಅರ್ಜಿಯನ್ನು ವಿದ್ಯಾಲಕ್ಷ್ಮಿ ಜಾಲತಾಣದಲ್ಲಿ ಹಾಕಬಹುದು. ಬ್ಯಾಂಕಿನವರು ಆಗುವುದಿಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳಿ.

ಕಂತು ಇಲ್ಲವೆಂದರೆ ಬಡ್ಡಿ ಇಲ್ಲವೆಂದಲ್ಲ. ಬಡ್ಡಿ ನೂರಕ್ಕೆ ವರ್ಷಕ್ಕೆ 10 ಎಂದುಕೊಳ್ಳಿ. ಪ್ರತಿ ವರ್ಷದ ಆರಂಭದಲ್ಲಿ ಒಂದೊಂದು ಲಕ್ಷ ಪಡೆದರೆ, ಕಂತು ಶುರುವಾಗುವ ಹೊತ್ತಿಗೆ ಸರಳ ಬಡ್ಡಿಯೇ 50,000, 40,000, 30,000, 20,000, ಒಟ್ಟು 1,40,000 ರೂ. ಆಗಿರುತ್ತದೆ. 4 ಲಕ್ಷದ ಸಾಲ 5,40,000 ಆಯಿತು. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,140 ರೂ. ಕಂತು ಬರುತ್ತದೆ. ಓದುವಾಗಲೇ ಬಡ್ಡಿಯನ್ನಷ್ಟು ಕಟ್ಟುತ್ತ ಬಂದವನಿಗೆ ಕಂತು ಸುಮಾರು 5,290 ರೂ. ಮಾತ್ರ. ಮೊದಲ ವರ್ಷದ ಬಡ್ಡಿ ತಿಂಗಳಿಗೆ 833 ರೂ.; ಒಂದು ಹಸುವಿನ ಹಾಲಿನಲ್ಲಿ ಅದು ಹುಟ್ಟೀತು. ವರಮಾನ 4.5 ಲಕ್ಷ ಮೀರದ ಕುಟುಂಬದವರು ಮಾನ್ಯತೆ ಪಡೆದ ಕಾಲೇಜಿನಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಓದಿಗೆ ಸೇರಿದ್ದರೆ, ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ 2009ರಿಂದ ಇದೆ. ಸಾಲ ಪಡೆಯುವ ದಿನವೇ ವರಮಾನ ಪ್ರಮಾಣಪತ್ರ ಕೊಟ್ಟು ಅದನ್ನು ಕೇಳಬೇಕು. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉತ್ತಮ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ಸಿಗುತ್ತದೆ.

ಇದನ್ನು ಕೈಸಾಲದೊಡನೆ ಹೋಲಿಸಿ ನೋಡಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ತಂದ ಒಂದು ಲಕ್ಷಕ್ಕೆ ನಾಲ್ಕು ವರ್ಷಕ್ಕೆ ಬಡ್ಡಿಯೇ 1,44,000 ರೂ. ಅಸಲು ಹಾಗೆಯೇ ನಿಂತಿರುತ್ತದೆ. ಎಷ್ಟೇ ಅವಸರವಿದ್ದರೂ ಓದಿಗೆ ಕೈಸಾಲ ಮಾಡಬೇಡಿ.

ಶಿಕ್ಷಣ ಸಾಲದ ಪತ್ರಕ್ಕೆ ತಂದೆ ಅಥವಾ ತಾಯಿಯ ರುಜುವೂ ಬೀಳುತ್ತದೆ. ಎಂದರೆ ಅವರೂ ಸಾಲಗಾರರೇ. ಮಗ ಕಂತು ತಪ್ಪಿಸಿದರೆ ತಂದೆಯ ಬೆಳೆಸಾಲಕ್ಕೂ ಅಡ್ಡಿಯಾಗಬಹುದು. ಈ ಮಾತನ್ನು ಮಗನಿಗೂ ಮಗಳಿಗೂ ಸೇರುವ ಮೊದಲೇ ತಿಳಿಸಿ ಹೇಳಿ. ಓದು ಮುಗಿದಾಗ ಸಿಗಬಹುದಾದ ಸಂಬಳದಲ್ಲಿ ಊಟ, ಬಾಡಿಗೆ ಕಳೆದು ಕಂತು ಕಟ್ಟಲಾಗದು ಎಂದು ಕಂಡರೆ, ಆ ಕಾಲೇಜು ನಮಗೆ ದುಬಾರಿ ಎಂದೇ ತಿಳಿಯಬೇಕು. ಅದೇ ಓದನ್ನು ಕಡಿಮೆ ಖರ್ಚಿನ ಕಡೆ ಹುಡುಕಬೇಕು.

ಈಗಲೇ ಮಾಡಿಸಿಡಬೇಕಾದ ಕಾಗದಗಳು

ಬಾಯಾರಿದಾಗ ಬಾವಿ ತೋಡಿದರಾಗದು. ಪಿ.ಯು.ಸಿ. ಎರಡನೆಯ ವರ್ಷ ನಡೆಯುತ್ತಿರುವಾಗಲೇ ಇವನ್ನು ಸಿದ್ಧಮಾಡಿಕೊಳ್ಳಿ:

1. ನಾಡಕಚೇರಿಯಿಂದ ಜಾತಿ ಮತ್ತು ವರಮಾನ ಪ್ರಮಾಣಪತ್ರ.
2. ವ್ಯವಸಾಯಗಾರರ ಕುಟುಂಬದವರೆಂಬ ಪ್ರಮಾಣಪತ್ರ, ಪಹಣಿ, ಫ್ರೂಟ್ಸ್ ನೋಂದಣಿ ಸಂಖ್ಯೆ.
3. ಹಳ್ಳಿಯಲ್ಲಿ ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ.
4. ಮಗುವಿನ ಹೆಸರಿನಲ್ಲಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ.

ಆಧಾರ್, ಅಂಕಪಟ್ಟಿ, ಪಹಣಿಗಳಲ್ಲಿ ಹೆಸರು ಒಂದೇ ರೀತಿ ಇರಲಿ. ಒಂದು ಅಕ್ಷರ ವ್ಯತ್ಯಾಸವಾದರೂ ಅರ್ಜಿ ನಿಂತುಹೋಗುತ್ತದೆ.

ಬಂಧುಗಳೇ, ಈ ವಾರ ಒಂದು ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಈ ಲೆಕ್ಕ ಬರೆಯಿರಿ: ವರ್ಷಕ್ಕೆ ಎಷ್ಟು ಬೇಕು, ಎಷ್ಟು ಬರುತ್ತದೆ, ಎಷ್ಟು ಸಾಲ, ತೀರಿಸುವುದು ಹೇಗೆ. ಮನೆಯೊಡತಿಯನ್ನೂ ಜೊತೆಗೆ ಕೂರಿಸಿಕೊಳ್ಳಿ. ಹಾಲಿನ ಲೆಕ್ಕ ಅವರ ಕೈಯಲ್ಲಿರುತ್ತದೆ. ಲೆಕ್ಕ ಕೂಡದಿದ್ದರೆ ಆ ಹಾಳೆಯನ್ನು ಹಿಡಿದು ಬನ್ನಿ, ಕೂಡಿ ನೋಡೋಣ. ಮಕ್ಕಳು ಓದಲಿ, ಹೊಲವೂ ಉಳಿಯಲಿ.