ಹಿಂದಿನ ಸೀಟಿನ ಸ್ತ್ರೀ

ಅಮೆರಿಕದ ಸೌತ್ ಡಕೋಟ ಸಂಸ್ಥಾನದಲ್ಲಿ ಸ್ಟರ್ಜಿಸ್ ಎಂಬ ಊರೊಂದುಂಟು. ಏಳು ಸಾವಿರದಷ್ಟು ಜನವಸತಿಯ ಈ ಪುಟ್ಟ ಪಟ್ಟಣದಲ್ಲಿ, 1938ರಲ್ಲಿ ಮೋಟಾರ್ ಸೈಕಲ್ ವ್ಯಾಪಾರಿಯಾಗಿದ್ದ ಕ್ಲಾರೆನ್ಸ್ ಹೋಯಲ್ ಎಂಬಾತನೂ ಅವನ ಗೆಳೆಯರೂ ಕೂಡಿ ಏರ್ಪಡಿಸಿದ ಸಣ್ಣದೊಂದು ಪಂದ್ಯವು ಕಾಲಕ್ರಮದಲ್ಲಿ ಮಹಾಜಾತ್ರೆಯಾಗಿ ಬೆಳೆದು, ಈಗ ಪ್ರತಿವರ್ಷದ ಆಗಸ್ಟ್ ಮಾಸದಲ್ಲಿ ಲಕ್ಷಗಟ್ಟಲೆ ಸವಾರರನ್ನು ಅಲ್ಲಿಗೆ ಸೆಳೆಯುತ್ತಿದೆ; 2015ರ ಎಪ್ಪತ್ತೈದನೆಯ ಜಾತ್ರೆಗೆ ಬಂದವರ ಸಂಖ್ಯೆ ಏಳು ಲಕ್ಷವನ್ನು ಮೀರಿತೆಂದು ಅಂದಾಜು. ಇಂಥ ಜನಸಾಗರದಲ್ಲಿ ಸ್ತ್ರೀಗೆ ದೊರೆಯುವ ಸ್ಥಾನವಾವುದು, ಮತ್ತು ಆ ಜಗತ್ತನ್ನು ಮನೆಮನೆಗೆ ತಂದು ತೋರಿಸುವ ಟೆಲಿವಿಷನ್ ಆಕೆಯನ್ನು ಯಾವ ರೂಪದಲ್ಲಿ ಕಾಣಿಸುತ್ತದೆ ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ.

ಮೊದಲು ಟೆಲಿವಿಷನ್ನಿನ ಮಾತು. 2009ರಲ್ಲಿ ಆರಂಭವಾದ ‘ಫುಲ್ ಥ್ರಾಟಲ್ ಸಲೂನ್’ ಎಂಬ ರಿಯಾಲಿಟಿ ಷೋ ಸ್ಟರ್ಜಿಸ್ಸಿನ ಒಂದು ದೊಡ್ಡ ಪಾನಗೃಹದ ಕಥೆಯನ್ನು ಹೇಳುತ್ತಿತ್ತು. ಮದ್ಯ ಬಡಿಸುವ, ಕುಣಿಯುವ ಅಲ್ಪವಸ್ತ್ರದ ತರುಣಿಯರು ಅದರಲ್ಲಿ ಹೇರಳವಾಗಿದ್ದರು; ತನ್ನ ಗಾಡಿಯನ್ನು ತಾನೇ ನಡೆಸಿಕೊಂಡು ಬಂದ ಹೆಂಗಸನ್ನು ಮಾತ್ರ ಹುಡುಕಿ ನೋಡಬೇಕಿತ್ತು. ಇದನ್ನು ಇಲ್ಲಿಗೇ ಬಿಡೋಣ. ಕಸಬಿನ ಸರಕನ್ನು ಕಸಬಿನ ರೀತಿಯಲ್ಲೇ ಮಾರಿದರು.

ಆಳವಾಗಿ ನೋಡಬೇಕಾದದ್ದು 2008ರಿಂದ 2014ರವರೆಗೆ ಏಳು ಋತುಗಳಲ್ಲಿ ಪ್ರಸಾರವಾದ ಕರ್ಟ್ ಸಟ್ಟರನ ‘ಸನ್ಸ್ ಆಫ್ ಅನಾರ್ಕಿ’ ಎಂಬ ಧಾರಾವಾಹಿಯನ್ನು. ಕ್ಯಾಲಿಫೋರ್ನಿಯದ ಒಂದು ಕಲ್ಪಿತ ಊರಿನ ಮೋಟಾರ್ ಸೈಕಲ್ ಕ್ಲಬ್ಬು ಇದರ ವಸ್ತು. ಕ್ಲಬ್ಬಿನ ಸಭಾಗೃಹದಲ್ಲಿ ಒಂದು ಮರದ ಮೇಜು. ಅದರ ಮೇಲೆ ಕುಡುಗೋಲು ಹಿಡಿದ ಮೃತ್ಯುವಿನ ಆಕೃತಿಯನ್ನು ಕೊರೆದಿದೆ. ಅದರ ಸುತ್ತ ಕುಳಿತು ಮತ ಹಾಕುವ ಅಧಿಕಾರ ಗಂಡಸರಿಗೆ ಮಾತ್ರ. ಅಧ್ಯಕ್ಷನ ಪತ್ನಿಯೂ ನಾಯಕನ ತಾಯಿಯೂ ಆದ ಜೆಮ್ಮಾ, ಆ ಮೇಜಿನ ಬಳಿ ಎಂದೂ ಆಸನವನ್ನು ಪಡೆಯದೆ, ಅಡುಗೆಮನೆಯಿಂದಲೂ ಕಚೇರಿಯ ಬಾಗಿಲಿನಿಂದಲೂ ತಂತ್ರ ಹೂಡಿ ಎಲ್ಲರನ್ನೂ ಆಡಿಸುವಾಕೆ. ಈ ಪಾತ್ರವನ್ನು ವಹಿಸಿದ ಕೇಟಿ ಸಾಗಲ್ ಅವರಿಗೆ 2011ರಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ದೊರೆತುದು ನ್ಯಾಯವೇ ಸರಿ.

ಆದರೆ ಎರಡನೆಯ ಋತುವಿನಲ್ಲಿ ನಡೆಯುವುದನ್ನು ನೋಡಿರಿ. ಕ್ಲಬ್ಬನ್ನು ಮುರಿಯಬೇಕೆಂದು ವೈರಿಗಳು ಜೆಮ್ಮಾಳನ್ನು ಅಪಹರಿಸಿ ಅತ್ಯಾಚಾರವೆಸಗುತ್ತಾರೆ. ಗಂಡಸರು ಕೆರಳಿ ವೈರಿಗಳ ಬಲೆಗೆ ಬೀಳದಿರಲೆಂದು ಆಕೆ ಆ ನೋವನ್ನು ನುಂಗಿಕೊಂಡಿದ್ದು, ಗಂಡನಿಗೂ ಮಗನಿಗೂ ವೈಮನಸ್ಯ ಬೆಳೆದು ಮಗನು ದೂರ ಹೊರಡಲು ಸಿದ್ಧನಾದಾಗ, ಇಬ್ಬರನ್ನೂ ಕೂರಿಸಿಕೊಂಡು ನಡೆದುದನ್ನು ಹೇಳಿಬಿಡುತ್ತಾಳೆ, ಗಂಡಸರು ಒಂದಾಗುತ್ತಾರೆ. ಆ ದೃಶ್ಯದ ಅಭಿನಯವು ಅತ್ಯುತ್ತಮವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಸ್ತ್ರೀಯ ದೇಹದ ಮೇಲಣ ಗಾಯವು ಪುರುಷರ ಕಥೆಯನ್ನು ಮುಂದೆ ತಳ್ಳುವ ಸಾಧನವಾಯಿತೇ ಹೊರತು ಆಕೆಯದೇ ಕಥೆಯಾಗಿ ಉಳಿಯಲಿಲ್ಲ. ವೈದ್ಯೆಯಾದ ಸೊಸೆ ಟಾರಾಳ ಗತಿ ಇನ್ನೂ ದಾರುಣ: ಮಕ್ಕಳನ್ನು ಈ ಬದುಕಿನಿಂದ ಪಾರುಮಾಡಲು ಹೆಣಗಿದ ಆಕೆ ಆರನೆಯ ಋತುವಿನ ಕೊನೆಯಲ್ಲಿ ಅತ್ತೆಯ ಕೈಯಿಂದ ಹತಳಾಗುತ್ತಾಳೆ, ಮರುಋತುವಿನಲ್ಲಿ ಅತ್ತೆಯನ್ನು ಮಗನೇ ಕೊಲ್ಲುತ್ತಾನೆ. ಈ ಕಥೆಗೆ ಹ್ಯಾಮ್ಲೆಟ್ ನಾಟಕವೇ ಆಧಾರವೆಂದು ಹೇಳುವುದುಂಟು. ಇರಬಹುದು, ಆದರೆ ಆ ನಾಟಕದ ರಾಣಿ ಗರ್ಟ್ರೂಡಳಿಗೆ ಕುಳಿತುಕೊಳ್ಳಲು ಒಂದು ಸಿಂಹಾಸನವಾದರೂ ಇತ್ತು.

ಇದೆಲ್ಲ ಲೇಖಕನ ಕಲ್ಪನೆಯಲ್ಲ, ಲೋಕದಲ್ಲಿ ಇರುವುದನ್ನೇ ತೋರಿಸಿದ್ದಾನೆ ಎಂಬ ಸಮಾಧಾನವೊಂದು ಸಿದ್ಧವಾಗಿಯೇ ಇರುತ್ತದೆ. ಅದರಲ್ಲಿ ಸತ್ಯಾಂಶವುಂಟು. ಹೆಲ್ಸ್ ಏಂಜಲ್ಸ್ ಮೊದಲಾದ ಕ್ಲಬ್ಬುಗಳಲ್ಲಿ ಹೆಂಗಸರಿಗೆ ಸದಸ್ಯತ್ವವಿಲ್ಲ. ಇಂಥ ವಲಯಗಳಲ್ಲಿ ಸದಸ್ಯನ ಸಂಗಾತಿಯನ್ನು ‘ಓಲ್ಡ್ ಲೇಡಿ’ ಎಂದು ಕರೆಯುವ ರೂಢಿಯುಂಟು. ಆಕೆ ತೊಡುವ ತೋಳಿಲ್ಲದ ಚರ್ಮದ ಮೇಲಂಗಿಯ ಬೆನ್ನಿನ ಮೇಲೆ ಇಂಥವನ ‘ಪ್ರಾಪರ್ಟಿ’ ಎಂದು ದಪ್ಪಕ್ಷರದಲ್ಲಿ ಹೊಲಿದ ಪಟ್ಟಿಯಿರುವುದೂ ಉಂಟು. ಅದು ಬಂಧನವಲ್ಲ, ರಕ್ಷಣೆಯೆಂದು ಧರಿಸಿದವರೇ ವಾದಿಸುವುದನ್ನು ಅಲ್ಲಗಳೆಯಲಾಗದು. ಆದರೆ ಯಾವ ಸಮಾಜದಲ್ಲಿ ಒಡೆಯನ ಹೆಸರಿಲ್ಲದ ಹೆಣ್ಣಿಗೆ ರಕ್ಷಣೆಯಿಲ್ಲವೋ ಆ ಸಮಾಜವೇ ಅಪಾಯವನ್ನು ಒಡ್ಡುವುದು, ಅದರಿಂದ ಕಾಪಾಡುವ ಕಾವಲಿನ ಬೆಲೆಯನ್ನು ಕೇಳುವುದೂ ಅದೇ.

ಆದರೆ ಲೋಕದಲ್ಲಿ ಇರುವುದು ಇಷ್ಟೇ ಅಲ್ಲ. ಸ್ಟರ್ಜಿಸ್ಸಿನ ಜಾತ್ರೆ ಹುಟ್ಟುವುದಕ್ಕೂ ಇಪ್ಪತ್ತೆರಡು ವರ್ಷ ಮೊದಲು, 1916ರಲ್ಲಿ, ಅಗಸ್ಟಾ ಮತ್ತು ಅಡೆಲೀನ್ ವಾನ್ ಬ್ಯೂರೆನ್ ಎಂಬ ಸೋದರಿಯರು ಎರಡು ‘ಇಂಡಿಯನ್’ ಗಾಡಿಗಳನ್ನೇರಿ ನ್ಯೂಯಾರ್ಕಿನಿಂದ ಪೆಸಿಫಿಕ್ ಕರಾವಳಿಯವರೆಗೆ ಸವಾರಿಮಾಡಿದರು. ಯುದ್ಧಕಾಲದಲ್ಲಿ ಸೈನ್ಯದ ಸಂದೇಶವಾಹಕರಾಗಿ ಹೆಂಗಸರೂ ಕೆಲಸಮಾಡಬಲ್ಲರೆಂದು ತೋರಿಸುವುದು ಅವರ ಉದ್ದೇಶ. ದಾರಿಯಲ್ಲಿ ಹದಿನಾಲ್ಕು ಸಾವಿರ ಅಡಿಗೂ ಎತ್ತರದ ಪೈಕ್ಸ್ ಪೀಕ್ ಶಿಖರವನ್ನು ಗಾಡಿಯಲ್ಲೇ ಹತ್ತಿದರು. ಅವರಿಗೆ ದೊರೆತ ಸತ್ಕಾರವಾದರೂ ಏನು? ಗಂಡಸರ ಉಡುಪು ತೊಟ್ಟರೆಂದು ಊರೂರುಗಳಲ್ಲಿ ಪೊಲೀಸರು ಹಿಡಿದರು. ಸೈನ್ಯವು ಅರ್ಜಿಯನ್ನು ತಿರಸ್ಕರಿಸಿತು. ಅಡೆಲೀನ್ ಮುಂದೆ ಕಾನೂನು ಪದವಿ ಪಡೆದಳು, ಅಗಸ್ಟಾ ವಿಮಾನ ಹಾರಿಸಿದಳು. 1940ರಲ್ಲಿ ಲಿಂಡಾ ಡ್ಯೂಗೋ ಮತ್ತು ಡಾಟ್ ರಾಬಿನ್ಸನ್ ಎಂಬವರು ಸ್ಥಾಪಿಸಿದ ‘ಮೋಟಾರ್ ಮೇಯ್ಡ್ಸ್’ ಎಂಬ ಸ್ತ್ರೀಯರ ಸಂಘ ಇಂದಿಗೂ ನಡೆಯುತ್ತಿದೆ. ಬೆಸ್ಸಿ ಸ್ಟ್ರಿಂಗ್‌ಫೀಲ್ಡ್ ಎಂಬ ಕಪ್ಪುವರ್ಣೀಯ ಮಹಿಳೆ, ವರ್ಣಭೇದವು ಉಗ್ರವಾಗಿದ್ದ ಕಾಲದಲ್ಲಿ ದಕ್ಷಿಣದ ರಸ್ತೆಗಳಲ್ಲಿ ಒಬ್ಬಳೇ ಸಂಚರಿಸಿ, ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಕಾಗದಪತ್ರಗಳನ್ನು ಮೋಟಾರ್ ಸೈಕಲ್ಲಿನ ಮೇಲೆ ಹೊತ್ತು ಸಾಗಿಸಿದಳು.

ಇವರಲ್ಲಿ ಒಬ್ಬರ ಮೇಲಾದರೂ ಏಳು ಋತುಗಳ ಧಾರಾವಾಹಿಯೊಂದನ್ನು ಯಾರೂ ಮಾಡಿದ್ದಿಲ್ಲ. ಜಾತ್ರೆಯ ಮಾತು ಬೇರೆ: ಅದು ಯಾರನ್ನೂ ಆರಿಸಿ ಕರೆದದ್ದಲ್ಲ, ಒಳ್ಳೆಯವರೂ ಕೆಟ್ಟವರೂ ತಾವಾಗಿಯೇ ಬರುತ್ತಾರೆ, ಇತ್ತೀಚೆಗೆ ಸ್ಟರ್ಜಿಸ್ಸಿನಲ್ಲಿ ಮಹಿಳಾ ಸವಾರರಿಗೆಂದೇ ಪ್ರತ್ಯೇಕ ಸವಾರಿಯೂ ಏರ್ಪಟ್ಟಿದೆ. ಟೆಲಿವಿಷನ್ನಾದರೋ ಪ್ರತಿಯೊಂದು ಚಿತ್ರವನ್ನೂ ಆರಿಸಿ ಇಡುತ್ತದೆ. ಆದಕಾರಣ ಹೊಣೆಯೂ ಅದರದೇ ಹೆಚ್ಚು. ಅಮೆರಿಕದ ಮೋಟಾರ್ ಸೈಕಲ್ ಉದ್ಯಮದವರೇ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಆ ದೇಶದ ಗಾಡಿಗಳ ಒಡೆಯರಲ್ಲಿ ನೂರಕ್ಕೆ 19 ಮಂದಿ ಸ್ತ್ರೀಯರು. ಇರುವುದನ್ನೇ ತೋರಿಸುತ್ತೇವೆ ಎಂಬ ವಾದ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.